ಲೆಕ್ಕದ ಪುಸ್ತಕಕ್ಕೂ ಚಿತ್ರ ಬರೆಸಿದ ಊರು

(ನಮ್ಮ ಬಡಾವಣೆಯ ಗ್ರಂಥಾಲಯದ ತಿಂಗಳ ಉಪನ್ಯಾಸದಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲವಾದ್ದರಿಂದ ಕೆಲವು ಕಡೆ ಮಾತನ್ನು ಸ್ವಲ್ಪ ಹಿಗ್ಗಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಫಲಕದ ಮೇಲೆ ‘ಇಟಲಿ ಪ್ರವಾಸ’ ಎಂದು ಬರೆದಿರುವುದನ್ನು ಕಂಡು ರೋಮ್, ವೆನಿಸ್ ಎಲ್ಲವೂ ಸಿಕ್ಕೀತು ಎಂದು ಬಂದವರಿದ್ದರೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಮಾತನಾಡುವುದು ಒಂದೇ ಊರಿನ ಬಗ್ಗೆ. ಆ ಊರಿನ ಹೆಸರನ್ನು ನೀವೆಲ್ಲರೂ ಚಿಕ್ಕಂದಿನಲ್ಲಿ ಕೈಯಲ್ಲಿ ಹಿಡಿದಿದ್ದೀರಿ. ಶಾಲೆಯ ಬಣ್ಣದ ಪೆಟ್ಟಿಗೆಯಲ್ಲಿ ಒಂದು ಕಂದುಕೆಂಪು ಟ್ಯೂಬ್ ಇರುತ್ತಿತ್ತಲ್ಲ, ‘ಬರ್ಂಟ್ ಸಿಯೆನ್ನಾ’ ಎಂದು ಬರೆದದ್ದು? ಮರದ ಬೊಡ್ಡೆಗೂ ಮನೆಯ ಹೆಂಚಿಗೂ ನಾವು ಅದನ್ನೇ ಬಳಿಯುತ್ತಿದ್ದೆವು. ನಾನಂತೂ ಅದು ಯಾವುದೋ ಕಂಪನಿಯ ಹೆಸರಿರಬೇಕು ಎಂದುಕೊಂಡಿದ್ದೆ. ಅದು ಊರಿನ ಹೆಸರು ಎಂದು ಗೊತ್ತಾಗುವ ಹೊತ್ತಿಗೆ ತಲೆಗೂದಲು ನರೆತಿತ್ತು.

ಸಿಯೆನಾ ಊರಿನ ಸುತ್ತಲ ಸೀಮೆಯಲ್ಲಿ ಸಿಗುವ ಕಬ್ಬಿಣದ ಅಂಶವಿರುವ ಹಳದಿ ಮಣ್ಣನ್ನು ಸುಟ್ಟರೆ ಅದರೊಳಗಿನ ನೀರಿನಂಶ ಹೋಗಿ ಕೆಂಪಾಗುತ್ತದೆ. ಆ ಸುಟ್ಟ ಮಣ್ಣೇ ನಮ್ಮ ಟ್ಯೂಬಿನ ಬಣ್ಣ. ಇಟ್ಟಿಗೆ ಗೂಡಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಹಾಗಾಗಿ ಸಿಯೆನಾದ ಗೋಡೆಗಳನ್ನು ದೂರದಿಂದ ಕಂಡಾಗ ಬಣ್ಣದ ಪೆಟ್ಟಿಗೆ ತೆರೆದಂತಾಯಿತು ಎಂದರೆ ಅದು ಕವಿತ್ವವಲ್ಲ, ರಸಾಯನಶಾಸ್ತ್ರ. ನಾನು ಕವಿಯೂ ಅಲ್ಲ, ಕಲಾವಿಮರ್ಶಕನೂ ಅಲ್ಲ. ಮೂವತ್ತು ವರ್ಷ ರಸ್ತೆ, ಮೋರಿ, ಕುಡಿಯುವ ನೀರಿನ ಕೊಳವೆ ಎಂದು ಓಡಾಡಿದ ಸಿವಿಲ್ ಎಂಜಿನಿಯರ್. ಯಾವ ಊರಿಗೆ ಹೋದರೂ ಮೊದಲು ನೆಲ ನೋಡುತ್ತೇನೆ, ಆಮೇಲೆ ಗೋಪುರ. ಈ ಕೆಟ್ಟ ಅಭ್ಯಾಸವೇ ಸಿಯೆನಾದಲ್ಲಿ ನನ್ನ ಕೈ ಹಿಡಿಯಿತು.

ಫ್ಲಾರೆನ್ಸಿನಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದೂಕಾಲು ಗಂಟೆಯ ದಾರಿ. ರೈಲೂ ಇದೆ. ಆದರೆ ನಿಲ್ದಾಣ ಗುಡ್ಡದ ಬುಡದಲ್ಲಿದೆ, ಊರು ನೆತ್ತಿಯಲ್ಲಿದೆ. ನಾವು ರೈಲಿನಲ್ಲೇ ಹೋಗಿ, ಒಂದಾದ ಮೇಲೊಂದು ಎಸ್ಕಲೇಟರ್ ಏರಿ ಕಮೊಲ್ಲಿಯಾ ಹೆಬ್ಬಾಗಿಲಿನ ಕಡೆ ಬಂದೆವು. ಆ ಬಾಗಿಲ ಮೇಲೆ ಲ್ಯಾಟಿನ್‌ನಲ್ಲಿ ಒಂದು ಸಾಲು ಕೆತ್ತಿದ್ದಾರೆ. ಈ ಬಾಗಿಲಿಗಿಂತ ದೊಡ್ಡದಾಗಿ ಸಿಯೆನಾ ನಿನಗೆ ತನ್ನ ಎದೆಯನ್ನು ತೆರೆಯುತ್ತದೆ ಎಂದು ಅದರ ಅರ್ಥ. ಪೆಟ್ಟಿಗೆ ಎಳೆದು ಸುಸ್ತಾಗಿದ್ದ ನನ್ನ ಹೆಂಡತಿ, “ಎದೆ ಆಮೇಲೆ ತೆರೆಯಲಿ, ಮೊದಲು ಕೂರಲು ಒಂದು ಕಲ್ಲು ಸಿಕ್ಕರೆ ಸಾಕು” ಎಂದಳು. ಕೂರುವ ಜಾಗವೂ ಸಿಕ್ಕಿತು. ಅಂಥ ಜಾಗ ಇಡೀ ಯುರೋಪಿನಲ್ಲಿ ಇನ್ನೊಂದು ಇರಲಾರದು.

ಮೂರು ಗುಡ್ಡಗಳ ಏಣು ಒಂದು ಕಡೆ ಕೂಡುತ್ತವೆ. ಆ ಕೂಡುವ ತಗ್ಗೇ ಕಾಂಪೊ, ಊರಿನ ಚೌಕ. ಚೌಕ ಎಂದೆನಾದರೂ ಅದು ಚೌಕಾಕಾರವಲ್ಲ. ಬಿಡಿಸಿದ ಬೀಸಣಿಗೆಯನ್ನು ನೆಲದ ಮೇಲೆ ಇಟ್ಟಂತಿದೆ. ಹಿಡಿಕೆಯ ಕಡೆ ತಗ್ಗು, ಅಲ್ಲಿ ಪುರಭವನ. ಅಂಚಿನ ಕಡೆ ಎತ್ತರ, ಅಲ್ಲಿ ಸಾಲು ಮನೆಗಳು. ನೆಲಕ್ಕೆಲ್ಲ ಇಟ್ಟಿಗೆ, ಮಲಗಿಸಿದ್ದಲ್ಲ, ಮೀನಿನ ಮುಳ್ಳಿನ ಹಾಗೆ ಓರೆ ಓರೆಯಾಗಿ ನಿಲ್ಲಿಸಿ ಜೋಡಿಸಿದ್ದು. ಬಿಳಿ ಕಲ್ಲಿನ ಪಟ್ಟಿಗಳು ಈ ಬೀಸಣಿಗೆಯನ್ನು ಒಂಬತ್ತು ಭಾಗ ಮಾಡಿವೆ. 1287ರಿಂದ 1355ರವರೆಗೆ ಊರನ್ನು ಆಳಿದ್ದು ‘ಒಂಬತ್ತು ಜನ’ ಎಂಬ ಹೆಸರಿನ ಸಮಿತಿ. ನೆಲದ ಒಂಬತ್ತು ಪಾಲು ಅವರ ಗುರುತು ಎನ್ನುತ್ತಾರೆ. ಆ ಒಂಬತ್ತು ಜನರ ಅಧಿಕಾರ ಎಷ್ಟು ದಿನ ಗೊತ್ತೇ? ಎರಡು ತಿಂಗಳು! ಆ ಎರಡು ತಿಂಗಳೂ ಮನೆಗೆ ಹೋಗದೆ ಪುರಭವನದಲ್ಲೇ ವಾಸ. ನಂತರ ಬೇರೆ ಒಂಬತ್ತು ಜನ. ಎರಡು ತಿಂಗಳಿಗೊಮ್ಮೆ ಬದಲಾಗುವ ಸರಕಾರ ಸುಮಾರು ಎಪ್ಪತ್ತು ವರ್ಷ ನಡೆಯಿತು, ಅದೂ ಇಂಥ ಕಟ್ಟಡಗಳನ್ನು ಎಬ್ಬಿಸಿ. ನಮ್ಮ ಕಾಲದ ಲೆಕ್ಕಾಚಾರಕ್ಕೆ ಇದು ದಕ್ಕುವುದಿಲ್ಲ.

ಎರಡನೆಯ ದಿನ ಮಧ್ಯಾಹ್ನ ಮಳೆ ಬಂತು. ಜನ ಹೋಟೆಲುಗಳ ಚಪ್ಪರದ ಕೆಳಗೆ ಓಡಿದರು. ನಾನು ಕೊಡೆ ಹಿಡಿದು ನಡುವೆಯೇ ನಿಂತೆ. ನನಗೆ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕಿತ್ತು. ಇಟ್ಟಿಗೆಯ ಸಂದುಗಳಲ್ಲಿ ಮೊದಲು ಸಣ್ಣ ಎಳೆಗಳು ಹುಟ್ಟಿದವು. ಎಳೆಗಳು ಕೂಡಿ ತೆಳುವಾದ ಹಾಳೆಯಾಗಿ ಇಳಿಜಾರಿನಲ್ಲಿ ಸರಿದವು. ಬೀಸಣಿಗೆಯ ಹಿಡಿಕೆಯಲ್ಲಿ, ಪುರಭವನದ ಎದುರು, ನೀರು ಹೋಗುವ ಒಂದು ಕಲ್ಲಿನ ಬಾಯಿ ಇದೆ, ಗವಿನೋನೆ ಎಂದು ಕರೆಯುತ್ತಾರೆ. ಇಡೀ ಬಯಲಿನ ನೀರು ಸದ್ದಿಲ್ಲದೆ ಅದರೊಳಗೆ ಹೋಯಿತು. ಮಳೆ ನಿಂತ ಸ್ವಲ್ಪ ಹೊತ್ತಿಗೆ ಮಕ್ಕಳು ಬಂದು ಅದೇ ನೆಲದ ಮೇಲೆ ಕುಳಿತರು. ಎಲ್ಲೂ ಒಂದು ಬೊಗಸೆ ನೀರು ನಿಂತಿರಲಿಲ್ಲ. 1349ರಲ್ಲಿ ಮುಗಿಸಿದ ನೆಲಗಟ್ಟು, ಆಮೇಲೆ ಎಷ್ಟೋ ಸಲ ದುರಸ್ತಿ ಕಂಡಿದೆ, ಆದರೆ ಇಳಿಜಾರು ಅದೇ. ನಾನು ಹಾಕಿಸಿದ ರಸ್ತೆಗಳಲ್ಲಿ ನೀರು ನಿಂತ ಜಾಗಗಳು ಒಂದೊಂದಾಗಿ ನೆನಪಿಗೆ ಬಂದವು. “ರೀ, ಜ್ವರ ಬಂದರೆ ನನಗೆ ಇಟಾಲಿಯನ್ ಬರುವುದಿಲ್ಲ” ಎಂದು ಚಪ್ಪರದ ಕೆಳಗಿನಿಂದ ಹೆಂಡತಿ ಕೂಗುತ್ತಿದ್ದಳು.

ಈ ಚೌಕದ ಅಂದ ತಾನಾಗಿ ಆದದ್ದಲ್ಲ. 1297ರಲ್ಲೇ, ಅಂದರೆ ಪುರಭವನಕ್ಕೆ ಕೈ ಹಾಕಿದ ವರ್ಷವೇ, ಒಂದು ಕಟ್ಟಳೆ ಬಂತು. ಕಾಂಪೊ ಕಡೆಗೆ ಮುಖವಿರುವ ಮನೆಗಳ ಕಿಟಕಿಗೆ ನಡುವೆ ಸಣ್ಣ ಕಂಬವಿರಬೇಕು, ಬಾಲ್ಕನಿ ಚಾಚಕೂಡದು. ಇಂದಿಗೂ ಆ ಸಾಲಿನಲ್ಲಿ ಕಣ್ಣಾಡಿಸಿದರೆ ಒಂದು ಮನೆ ಇನ್ನೊಂದರ ಮೇಲೆ ಜಗಳಕ್ಕೆ ಬಿದ್ದಂತೆ ಕಾಣುವುದಿಲ್ಲ. 1309-10ರಲ್ಲಿ ಊರಿನ ಕಾನೂನುಗಳನ್ನೆಲ್ಲ ಲ್ಯಾಟಿನ್‌ನಿಂದ ಜನರ ಆಡುಮಾತಿಗೆ ತಂದು ಬರೆಸಿದರು. ಅದರಲ್ಲಿ ಒಂದು ಕಡೆ, ಆಳುವವರು ಎಲ್ಲಕ್ಕಿಂತ ಮೇಲಾಗಿ ಊರಿನ ಚೆಲುವನ್ನು ಮನಸ್ಸಿನಲ್ಲಿಡಬೇಕು, ಅದು ಹೊರಗಿನಿಂದ ಬಂದವರಿಗೆ ಸಂತೋಷ, ಊರಿಗೆ ಗೌರವ ಎಂಬರ್ಥದ ಮಾತಿದೆ. ಏಳುನೂರು ವರ್ಷದ ಹಿಂದೆ! ಇನ್ನೊಂದು ಕಡೆ, ಈ ಪುಸ್ತಕವನ್ನು ದಪ್ಪ ಅಕ್ಷರದಲ್ಲಿ, ಚೆನ್ನಾಗಿ ಓದಲು ಬರುವಂತೆ ಬರೆಯಿಸಿ ಖಜಾನೆ ಕಚೇರಿಯಲ್ಲಿ ಕಟ್ಟಿ ಇಡಬೇಕು, ಬಡವರೂ ಲ್ಯಾಟಿನ್ ಅರಿಯದವರೂ ಬಂದು ನೋಡಿ ನಕಲು ತೆಗೆದುಕೊಳ್ಳುವಂತಿರಬೇಕು ಎಂದಿದೆ. ಕೋರ್ಟಿನ ಆದೇಶವನ್ನು ಕನ್ನಡದಲ್ಲಿ ಓದಲು ಇಂದಿಗೂ ಹಂಬಲಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖಜಾನೆ ಎಂದೆನಲ್ಲ, ಅದರ ಹೆಸರು ಬಿಕ್ಕೆರ್ನಾ. ನಾನು ಇವತ್ತು ಹೇಳಬೇಕೆಂದು ಬಂದ ಮುಖ್ಯ ಸಂಗತಿ ಅಲ್ಲೇ ಇದೆ. ಆರಾರು ತಿಂಗಳಿಗೊಮ್ಮೆ ಖಜಾನೆಯ ಅಧಿಕಾರಿಗಳು ಬದಲಾಗುತ್ತಿದ್ದರು, ಲೆಕ್ಕದ ಪುಸ್ತಕವನ್ನು ಮುಚ್ಚಿ ಕಟ್ಟುತ್ತಿದ್ದರು. ಆ ಪುಸ್ತಕಕ್ಕೆ ಮರದ ಹಲಗೆಯ ರಟ್ಟು. ಆ ರಟ್ಟಿನ ಮೇಲೆ ಚಿತ್ರ! ಉಳಿದಿರುವವುಗಳಲ್ಲಿ ಎಲ್ಲಕ್ಕಿಂತ ಹಳೆಯದು 1258ರದು. ಸಾನ್ ಗಲ್ಗಾನೊ ಮಠದ ಊಗೊ ಎಂಬ ಸಂನ್ಯಾಸಿ ಲೆಕ್ಕದ ಮೇಜಿನ ಮುಂದೆ ಕುಳಿತಿದ್ದಾನೆ, ಅವನೇ ಆಗಿನ ಖಜಾಂಚಿ. ಹೆಂಡತಿ ಮಕ್ಕಳಿಲ್ಲದವನ ಕೈಗೆ ದುಡ್ಡು ಕೊಟ್ಟರೆ ಕ್ಷೇಮ ಎಂಬ ಎಣಿಕೆಯೋ ಏನೋ. ಮುಂದಿನವುಗಳಲ್ಲಿ ನಾಣ್ಯ ಎಣಿಸುವ ಗುಮಾಸ್ತರಿದ್ದಾರೆ, ತೆರಿಗೆ ಕಟ್ಟಲು ಬಂದವರಿದ್ದಾರೆ. 1467ರದರಲ್ಲಿ ಭೂಕಂಪಕ್ಕೆ ಹೆದರಿ ಗೋಡೆಯಾಚೆ ಗುಡಾರ ಹಾಕಿಕೊಂಡ ಜನರಿದ್ದಾರೆ, ಮೇಲಿನಿಂದ ಮೇರಿಮಾತೆ ಕಾಯುತ್ತಿದ್ದಾಳೆ. ಸರಕಾರಿ ದಾಖಲೆಗಳ ಭಂಡಾರದಲ್ಲಿ ಇವನ್ನು ಸಾಲಾಗಿ ಇಟ್ಟಿದ್ದಾರೆ. ನಾವು ಹೋದ ದಿನ ಅಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಇನ್ನಿಬ್ಬರು. ಹೊರಗೆ ಕಾಂಪೊದಲ್ಲಿ ಸಾವಿರ ಜನ ಐಸ್‌ಕ್ರೀಮ್ ನೆಕ್ಕುತ್ತಿದ್ದರು.

ನನ್ನ ಸೇವೆಯಲ್ಲಿ ನಾನು ಬರೆದು ಮುಗಿಸಿದ ಅಳತೆ ಪುಸ್ತಕಗಳು ಎಷ್ಟೋ. ಎಲ್ಲಕ್ಕೂ ಒಂದೇ ಮಾಸಲು ರಟ್ಟು. ಲೆಕ್ಕದ ಪುಸ್ತಕಕ್ಕೂ ಒಂದು ಮುಖ ಇರಬೇಕು, ಅದನ್ನು ಊರಿನ ಒಳ್ಳೆಯ ಕಲೆಗಾರನೇ ಬರೆಯಬೇಕು ಎಂದು ಒಂದು ಊರಿಗೆ ಅನ್ನಿಸಿತ್ತಲ್ಲ ಎಂದು ಬಹಳ ಹೊತ್ತು ನಿಂತೆ. ಸಿಯೆನಾದಲ್ಲಿ ಕಲೆ ಒಂದು ಕಡೆ, ಕಚೇರಿ ಒಂದು ಕಡೆ ಅಲ್ಲ. ಮೋರಿ ಮಾಡಿಸಿದ ಕೈಯೇ ಚಿತ್ರಕ್ಕೂ ಸಹಿ ಹಾಕಿದೆ. ಈ ಊರಿನ ಮಹಾ ಚಿತ್ರಕಾರ ದುಚ್ಚೊ ಮೊದಲು ದಾಖಲೆಯಲ್ಲಿ ಕಾಣಿಸಿಕೊಳ್ಳುವುದೇ 1278ರಲ್ಲಿ, ಸರಕಾರಿ ಕಾಗದಪತ್ರ ಇಡುವ ಹನ್ನೆರಡು ಪೆಟ್ಟಿಗೆಗಳಿಗೆ ಬಣ್ಣ ಹಾಕಿದ್ದಕ್ಕೆ ಕೂಲಿ ಪಡೆದವನಾಗಿ. ಲೆಕ್ಕದ ರಟ್ಟುಗಳನ್ನೂ ಬರೆದ. ಹಲವು ಸಲ ದಂಡವನ್ನೂ ಕಟ್ಟಿದ, ಅದೂ ದಾಖಲಾಗಿದೆ.

1308ರಲ್ಲಿ ಅದೇ ದುಚ್ಚೊನಿಗೆ ಮಹಾದೇವಾಲಯದ ಪೀಠಕ್ಕೆ ಚಿತ್ರ ಬರೆಯುವ ಕೆಲಸ ಬಂತು. ಕರಾರು ಪತ್ರ ಓದಿದರೆ ನನ್ನಂಥವನಿಗೆ ಸ್ವಂತ ಮನೆಗೆ ಬಂದಂತಾಗುತ್ತದೆ. ತನ್ನ ಸ್ವಂತ ಕೈಯಿಂದ ಕೆಲಸ ಮಾಡಿದ ಪ್ರತಿ ದಿನಕ್ಕೆ ಹದಿನಾರು ಸೋಲ್ದಿ ಕೂಲಿ, ಸಾಮಗ್ರಿ ದೇವಾಲಯದ್ದು. ದಿನಗೂಲಿ! ಅದರಲ್ಲಿ ಹುಟ್ಟಿದ್ದು ಮಾಯೆಸ್ತಾ. ಚಿನ್ನದ ಹಿನ್ನೆಲೆಯಲ್ಲಿ ಸಿಂಹಾಸನದ ಮೇಲೆ ಮೇರಿ, ಮಡಿಲಲ್ಲಿ ಮಗು, ಸುತ್ತ ದೇವದೂತರು, ಸಂತರು. ಹಿಂಭಾಗದಲ್ಲಿ ಕ್ರಿಸ್ತನ ಕೊನೆಯ ದಿನಗಳ ಕಥೆ, ಒಂದೊಂದು ಚೌಕದಲ್ಲಿ ಒಂದೊಂದು ಸನ್ನಿವೇಶ. 1311ರ ಜೂನ್ 9ರಂದು ಅದನ್ನು ಚಿತ್ರಕಾರನ ಮನೆಯಿಂದ ದೇವಾಲಯಕ್ಕೆ ಮೆರವಣಿಗೆಯಲ್ಲಿ ಒಯ್ದರು. ಅಂಗಡಿ ಮುಚ್ಚಿದ್ದವು, ಗಂಟೆಗಳು ಮೊಳಗಿದವು. ಕಹಳೆಯವರಿಗೆ ಕೊಟ್ಟ ದುಡ್ಡೂ ಲೆಕ್ಕದಲ್ಲಿದೆ. ಮೇರಿಯ ಕಾಲ ಬಳಿ ದುಚ್ಚೊ ಒಂದು ಪ್ರಾರ್ಥನೆ ಬರೆದಿದ್ದಾನೆ: ಸಿಯೆನಾಕ್ಕೆ ಶಾಂತಿ ಕೊಡು, ನಿನ್ನನ್ನು ಹೀಗೆ ಬರೆದ ದುಚ್ಚೊನಿಗೆ ಬದುಕು ಕೊಡು. ದಿನಗೂಲಿಯವನ ಈ ‘ಹೀಗೆ’ ಎಂಬ ಮಾತಿನಲ್ಲಿರುವ ಹೆಮ್ಮೆ ನನಗೆ ಬಹಳ ಹಿಡಿಸಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. 1771ರಲ್ಲಿ ಆ ಹಲಗೆಗೆ ಗರಗಸ ಹಾಕಿ ಮುಂಭಾಗ, ಹಿಂಭಾಗ ಸೀಳಿದರು. ತುಂಡುಗಳು ಕೈ ಬದಲಾಯಿಸಿ ಈಗ ಲಂಡನ್, ವಾಷಿಂಗ್ಟನ್, ನ್ಯೂಯಾರ್ಕ್, ಮ್ಯಾಡ್ರಿಡ್‌ಗಳಲ್ಲಿವೆ. ದೊಡ್ಡ ಪಾಲು ಮಾತ್ರ ಊರಿನ ಸಂಗ್ರಹಾಲಯದಲ್ಲಿದೆ. ಆ ಸಂಗ್ರಹಾಲಯ ಇರುವ ಜಾಗವೂ ಒಂದು ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಪುರಭವನದ ಒಳಗೆ ಹೋಗೋಣ. ಒಂಬತ್ತು ಜನ ಕುಳಿತು ಸಭೆ ನಡೆಸುತ್ತಿದ್ದ ಕೋಣೆ ಇದೆ. ಒಂದೇ ಕಿಟಕಿ, ಮೂರು ಗೋಡೆಗೆ ಚಿತ್ರ. 1338-39ರಲ್ಲಿ ಅಂಬ್ರೋಜೊ ಲೊರೆಂಜೆತ್ತಿ ಬರೆದದ್ದು. ಸಂತರಿಲ್ಲ, ಯುದ್ಧವಿಲ್ಲ. ವಿಷಯ ಒಳ್ಳೆಯ ಆಡಳಿತ, ಕೆಟ್ಟ ಆಡಳಿತ. ಆಳುವವರು ತಲೆಯೆತ್ತಿದಾಗಲೆಲ್ಲ ಕಣ್ಣಿಗೆ ಬೀಳಲಿ ಎಂದೇ ಬರೆಸಿದ್ದು.

ಕಿಟಕಿಯ ಎದುರು ಗೋಡೆಯಲ್ಲಿ ನ್ಯಾಯದೇವತೆ ತಕ್ಕಡಿಯೊಂದಿಗೆ ಕುಳಿತಿದ್ದಾಳೆ. ತಕ್ಕಡಿಯ ಎರಡು ತಟ್ಟೆಯಿಂದ ಎರಡು ದಾರ ಕೆಳಗಿಳಿಯುತ್ತವೆ. ಕೆಳಗೆ ಕುಳಿತ ಇನ್ನೊಬ್ಬಳು ಆ ಎರಡನ್ನೂ ಕೈಯಲ್ಲಿ ಹಿಡಿದು ಒಂದೇ ಹಗ್ಗವಾಗಿ ಹೊಸೆಯುತ್ತಾಳೆ. ಅವಳ ಹೆಸರು ಕೊನ್‌ಕೋರ್ದಿಯಾ, ಹೊಂದಾಣಿಕೆ. ಹಗ್ಗಕ್ಕೆ ಅವರ ಮಾತಿನಲ್ಲಿ ಕೋರ್ದಾ, ಶ್ಲೇಷೆ ಅಲ್ಲಿದೆ. ಅವಳು ಆ ಹಗ್ಗವನ್ನು ಇಪ್ಪತ್ತನಾಲ್ಕು ಮಂದಿ ನಾಗರಿಕರಿಗೆ ಕೊಡುತ್ತಾಳೆ. ಅವರು ಕೈಯಿಂದ ಕೈಗೆ ದಾಟಿಸಿ, ಎತ್ತರದಲ್ಲಿ ಕುಳಿತ ಮುದುಕನವರೆಗೆ ಒಯ್ಯುತ್ತಾರೆ. ಮುದುಕ ಊರಿನ ಒಟ್ಟು ಹಿತದ ರೂಪ. ಅವನು ಅಷ್ಟೆತ್ತರದಲ್ಲಿದ್ದರೂ ಹಗ್ಗ ಇವರ ಕೈಯಲ್ಲಿದೆ. ಈ ಹೊಂದಾಣಿಕೆಯ ದೇವಿಯ ಮಡಿಲಲ್ಲಿ ಏನಿದೆ ಎಂದು ನಾನು ಬಗ್ಗಿ ನೋಡಿದೆ. ವೀಣೆಯಲ್ಲ, ಹೂವಲ್ಲ. ಬಡಗಿಯ ಉಜ್ಜುಗೊರಡು! ಮರದ ಉಬ್ಬುತಗ್ಗು ಕೀಸಿ ಸಮ ಮಾಡುವ ಸಾಧನ. ಸಮಾನತೆಗೆ ಇದಕ್ಕಿಂತ ಒಳ್ಳೆಯ ಆಯುಧವನ್ನು ನಾನು ಯಾವ ಚಿತ್ರದಲ್ಲೂ ಕಂಡಿಲ್ಲ.

ಪಕ್ಕದ ಗೋಡೆಯಲ್ಲಿ ಒಳ್ಳೆಯ ಆಡಳಿತದ ಊರು. ಒಬ್ಬ ಪಾದರಕ್ಷೆ ಮಾರುತ್ತಿದ್ದಾನೆ. ಒಬ್ಬ ಗುರು ಪಾಠ ಹೇಳುತ್ತಿದ್ದಾನೆ, ಹುಡುಗರು ಕುಳಿತಿದ್ದಾರೆ. ಮನೆಯ ಮಾಳಿಗೆಯ ಮೇಲೆ ಸಾರುವೆ ಕಟ್ಟಿಕೊಂಡು ಗಾರೆಯವರು ಕೆಲಸ ಮಾಡುತ್ತಿದ್ದಾರೆ. ಅಂದರೆ ಈ ಊರು ಇನ್ನೂ ಕಟ್ಟುತ್ತಲೇ ಇದೆ. ಬೀದಿಯ ನಡುವೆ ಕೈ ಕೈ ಹಿಡಿದು ಕುಣಿತ. ಊರಿನ ಬಾಗಿಲು ತೆರೆದಿದೆ, ಅದರಾಚೆ ಬಯಲು, ದ್ರಾಕ್ಷಿ ತೋಟ, ಬಿತ್ತನೆ, ಕಣ. ಶ್ರೀಮಂತರು ಕುದುರೆಯೇರಿ ಬೇಟೆಗೆ ಇಳಿಯುತ್ತಿದ್ದರೆ, ಎದುರಿಗೆ ಒಬ್ಬ ರೈತ ಹಂದಿಯೊಂದನ್ನು ಊರಿಗೆ ಹೊಡೆದುಕೊಂಡು ಬರುತ್ತಿದ್ದಾನೆ. ಕಪ್ಪು ಹಂದಿ, ಭುಜದ ಸುತ್ತ ಬಿಳಿಯ ಪಟ್ಟಿ. ಆ ತಳಿ ಈಗಲೂ ಅಲ್ಲಿದೆ, ಪಟ್ಟಿಯ ಕಾರಣದಿಂದ ಚಿಂತಾ ಸೆನೇಸೆ ಎಂದು ಹೆಸರು. ಗೋಡೆಯ ಮೇಲೆ ನೋಡಿದ್ದನ್ನು ಸಂಜೆ ಹೋಟೆಲಿನ ತಿನಿಸಿನ ಪಟ್ಟಿಯಲ್ಲೂ ನೋಡಬಹುದು. ಈ ಸುಖಕ್ಕೆಲ್ಲ ಕಾವಲು ಎಂಬಂತೆ ಮೇಲೆ ಒಬ್ಬಳು ಹಾರುತ್ತಿದ್ದಾಳೆ, ಸುರಕ್ಷತೆ. ಅವಳ ಕೈಯಲ್ಲಿ ಗಲ್ಲುಗಂಬ, ಅದರಲ್ಲಿ ನೇತಾಡುವ ಒಬ್ಬ. ಅಂಬ್ರೋಜೊ ಭೋಳೆ ಮನುಷ್ಯನಲ್ಲ.

ಎದುರಿನ ಗೋಡೆ ತುಂಬ ಹಾಳಾಗಿದೆ. ಕೊಂಬು ಮೂಡಿದ ದುರುಳ ಅರಸ, ಕಾಲ ಬಳಿ ಕಟ್ಟಿಹಾಕಿದ ನ್ಯಾಯದೇವತೆ. ಆ ಊರಿನಲ್ಲಿ ಕಸುಬು ನಡೆಯುತ್ತಿರುವುದು ಒಂದೇ ಅಂಗಡಿಯಲ್ಲಿ, ಆಯುಧ ಮಾಡುವವನದು. ಅಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಇಲ್ಲಿಂದ ಹೊರಬಿದ್ದವರು ನೇರ ಇಳಿದು ಹೋಗಬೇಡಿ. ಮೇಲಂತಸ್ತಿನಲ್ಲಿ ಹಿಂಬದಿಗೆ ತೆರೆದ ಒಂದು ಮೊಗಸಾಲೆ ಇದೆ. ಅಲ್ಲಿ ನಿಂತರೆ ಊರಿನ ಗೋಡೆ ಹತ್ತಿರದಲ್ಲೇ ಮುಗಿದು ಹೊಲ, ಆಲಿವ್ ಮರ, ಗುಡ್ಡ ಶುರುವಾಗುತ್ತವೆ. ಈಗ ತಾನೇ ಗೋಡೆಯ ಮೇಲೆ ಕಂಡ ಬಯಲು! ನನ್ನ ಹೆಂಡತಿ, “ಹಂದಿ ಒಂದು ಕಾಣುತ್ತಿಲ್ಲ” ಎಂದಳು.

ಪಕ್ಕದಲ್ಲೇ ಇಟ್ಟಿಗೆಯ ಗೋಪುರ, ತೊರ್ರೆ ದೆಲ್ ಮಾಂಜಾ, ಸುಮಾರು 88 ಮೀಟರ್, 1338ರಿಂದ 1348ರವರೆಗೆ ಕಟ್ಟಿದ್ದು. ಮೊದಲ ಗಂಟೆ ಹೊಡೆಯುವವನಿಗೆ ಸಂಬಳ ಬಂದದ್ದೆಲ್ಲ ತಿಂದು ತೇಗುವವನು ಎಂದು ಅಡ್ಡಹೆಸರಿತ್ತಂತೆ, ಗೋಪುರಕ್ಕೂ ಅದೇ ಅಂಟಿತು. ಸುಮಾರು ನಾನೂರು ಮೆಟ್ಟಿಲು. ನನ್ನ ಮಂಡಿ ಒಪ್ಪಲಿಲ್ಲ. ಹೆಂಡತಿ ಹತ್ತಿ ಬಂದು ಎರಡು ದಿನ ಅದನ್ನೇ ಹೇಳಿದಳು.

ಗುಡ್ಡದ ನೆತ್ತಿಯ ಊರಿಗೆ ನೀರೆಲ್ಲಿಂದ? ಹತ್ತಿರ ನದಿಯಿಲ್ಲ. ಹಾಗಾಗಿ ನೆಲದಡಿ ಸುರಂಗ ತೋಡಿದರು, ಒಟ್ಟು ಸುಮಾರು 25 ಕಿಲೋಮೀಟರ್. ಬೊತ್ತೀನಿ ಎಂದು ಹೆಸರು. ಕಲ್ಲಿನಲ್ಲಿ ಜಿನುಗುವ ನೀರು ಸಣ್ಣ ಕಾಲುವೆಯಲ್ಲಿ ಸೇರಿ, ತೀರ ಸಣ್ಣ ವಾಟದಲ್ಲಿ ಹರಿದು ಊರಿನ ಕೊಳಗಳಿಗೆ ಬರುತ್ತದೆ. ಯಂತ್ರವಿಲ್ಲ, ಪಂಪಿಲ್ಲ. ಮೊದಲೇ ಸಮಯ ಗೊತ್ತುಮಾಡಿಕೊಂಡವರನ್ನು ಒಳಗೆ ಕರೆದೊಯ್ಯುತ್ತಾರೆ. ನಾನು ಗೊತ್ತುಮಾಡಿಕೊಂಡಿರಲಿಲ್ಲ. ಇಡೀ ಪ್ರವಾಸದಲ್ಲಿ ನನ್ನ ಹೊಟ್ಟೆ ಉರಿದ ಸಂಗತಿ ಇದೊಂದೇ. ಅದರ ಬದಲು ಫೊಂತೆಬ್ರಾಂದಾ ಎಂಬ ಕೊಳಕ್ಕೆ ಇಳಿದು ಹೋದೆವು. ಕೋಟೆಯಂತೆ ಕಾಣುವ ಮೂರು ಕಮಾನು, 1246ರ ಕಟ್ಟೋಣ. ಒಳಗೆ ತೊಟ್ಟಿಯಿಂದ ತೊಟ್ಟಿಗೆ ನೀರು ತುಂಬಿ ಹರಿಯುವ ಏರ್ಪಾಡು. ಮೊದಲನೆಯದು ಜನ ಕುಡಿಯಲು, ಅದು ತುಂಬಿ ಚೆಲ್ಲಿದ್ದು ದನಕರುಗಳಿಗೆ, ಅದರಾಚೆಯದು ಬಟ್ಟೆ ಒಗೆಯಲು. ಉಳಿದದ್ದು ಚರ್ಮ ಹದ ಮಾಡುವವರಿಗೆ, ಗಿರಣಿಗಳಿಗೆ. ಈ ಕೇರಿಯಲ್ಲೇ 1347ರಲ್ಲಿ ಬಟ್ಟೆಗೆ ಬಣ್ಣ ಹಾಕುವವನೊಬ್ಬನ ಮಗಳಾಗಿ ಸಂತ ಕತೆರೀನಾ ಹುಟ್ಟಿದ್ದು.

ಇಷ್ಟಾದರೂ ನೀರು ಸಾಲದು. ನೆಲದಡಿಯಲ್ಲಿ ಎಲ್ಲೋ ದಿಯಾನಾ ಎಂಬ ನದಿ ಹರಿಯುತ್ತಿದೆ ಎಂದು ನಂಬಿ ಊರಿನವರು ದುಡ್ಡು ಸುರಿದು ಹುಡುಕಿದರು. ಪಕ್ಕದ ಫ್ಲಾರೆನ್ಸಿನ ಕವಿ ದಾಂತೆ ತನ್ನ ಕಾವ್ಯದಲ್ಲಿ ಈ ಹುಚ್ಚನ್ನು ಆಡಿಕೊಂಡು ನಕ್ಕಿದ್ದಾನೆ. ಎರಡೂ ಊರಿಗೆ ಎಣ್ಣೆ ಸೀಗೆಕಾಯಿ. 1260ರಲ್ಲಿ ಮೊಂತಪೆರ್ತಿಯಲ್ಲಿ ಸಿಯೆನಾ ಫ್ಲಾರೆನ್ಸನ್ನು ಹೊಡೆದು ಹಣ್ಣು ಮಾಡಿತ್ತು, ಆ ಗೆಲುವನ್ನು ಇವತ್ತಿಗೂ ಹೇಳಿಕೊಳ್ಳುತ್ತಾರೆ. 1555ರಲ್ಲಿ ಮುತ್ತಿಗೆಯ ಹಸಿವಿಗೆ ಸೋತು ಶರಣಾದದ್ದನ್ನು ಅಷ್ಟಾಗಿ ಹೇಳುವುದಿಲ್ಲ.

ಇನ್ನು ಮಹಾದೇವಾಲಯ. ಕಪ್ಪು ಬಿಳಿ ಅಮೃತಶಿಲೆಯ ಪಟ್ಟೆ ಪಟ್ಟೆ ಕಂಬಗಳು, ನೆಲದಲ್ಲಿ ಕಲ್ಲು ಕೆತ್ತಿ ಕೂಡಿಸಿದ ಐವತ್ತಾರು ಚಿತ್ರಗಳು, ಅವುಗಳನ್ನು ವರ್ಷದಲ್ಲಿ ಕೆಲವು ವಾರ ಮಾತ್ರ ಪೂರ್ತಿ ತೆರೆಯುತ್ತಾರೆ. ಪುಸ್ತಕಗಳಲ್ಲಿ ಇವೆಲ್ಲ ಚೆನ್ನಾಗಿ ಸಿಗುತ್ತದೆ. ನಾನು ಹೇಳಬೇಕೆಂದಿರುವುದು ಅಲ್ಲಿ ಇಲ್ಲದ ಕಟ್ಟಡದ ಬಗ್ಗೆ.

1339ರಲ್ಲಿ, ಅಂಬ್ರೋಜೊ ಆ ಗೋಡೆ ಬರೆದು ಮುಗಿಸಿದ ಹೊತ್ತಿನಲ್ಲಿ, ಊರ ಸಭೆ ಒಂದು ನಿರ್ಣಯ ಮಾಡಿತು. ಇರುವ ದೇವಾಲಯ ಸಾಲದು, ಇದಕ್ಕೆ ಅಡ್ಡಲಾಗಿ ಇನ್ನೂ ದೊಡ್ಡ ಹಜಾರ ಕಟ್ಟೋಣ, ಈಗಿನ ಇಡೀ ದೇವಾಲಯ ಅದರ ಒಂದು ತೋಳಾಗಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಜಾತಿಯವರಲ್ಲ ಅವರು. ಕಂಬಗಳು ಎದ್ದವು, ಗೋಡೆ ಎದ್ದಿತು, ತುದಿಯಲ್ಲಿ ಮುಂಭಾಗದ ಎತ್ತರದ ಗೋಡೆಯೂ ಎದ್ದಿತು. 1348ರಲ್ಲಿ ಪ್ಲೇಗ್ ಬಂತು. ಅಗ್ನೊಲೊ ದಿ ತೂರಾ ಎಂಬ ಊರಿನ ವೃತ್ತಾಂತಕಾರ, ತನ್ನ ಐದು ಮಕ್ಕಳನ್ನು ತನ್ನ ಕೈಯಿಂದಲೇ ಹೂತೆ ಎಂದು ಬರೆದಿಟ್ಟಿದ್ದಾನೆ. ಅಂಬ್ರೋಜೊನ ಹೆಸರೂ ಆ ವರ್ಷದ ನಂತರ ಸಿಗುವುದಿಲ್ಲ, ಅವನನ್ನೂ ರೋಗ ಒಯ್ದಿರಬೇಕು. ಆದರೆ ಕೆಲಸ ನಿಂತದ್ದು ಪ್ಲೇಗಿನಿಂದ ಮಾತ್ರ ಎಂದು ಪ್ರವಾಸಿ ಮಾರ್ಗದರ್ಶಿಗಳು ಹೇಳಿದರೆ ಪೂರ್ತಿ ನಂಬಬೇಡಿ. ಕಂಬಗಳು ಭಾರಕ್ಕೆ ತಕ್ಕ ದಪ್ಪವಿರಲಿಲ್ಲ. ತಜ್ಞರನ್ನು ಕರೆಸಿ ಕೇಳಿದರು, ಅಪಾಯ ಎಂದರು, 1357ರಲ್ಲಿ ಕೈಬಿಟ್ಟು ಬೀಳುವಂಥ ಭಾಗಗಳನ್ನು ಕೆಡವಿದರು. ಇಷ್ಟು ಖರ್ಚಾಗಿದೆ, ಹೇಗೋ ಮುಗಿಸಿಬಿಡೋಣ ಎನ್ನಲಿಲ್ಲ. ಸಹಿ ಹಾಕುವ ಕುರ್ಚಿಯಲ್ಲಿ ಕುಳಿತಿದ್ದವನಾಗಿ ಹೇಳುತ್ತೇನೆ, ಅಂಥ ತೀರ್ಮಾನಕ್ಕೆ ಬೇಕಾದ ಎದೆ ಶಂಕುಸ್ಥಾಪನೆಗೆ ಬೇಡ.

ಉಳಿದ ಮುಂಭಾಗದ ಗೋಡೆ ಈಗಲೂ ನಿಂತಿದೆ. ಹಿಂದೆ ಏನೂ ಇಲ್ಲದ ಗೋಡೆ, ನಡುವೆ ದೊಡ್ಡ ಕಿಟಕಿಯ ಕಂಡಿಯಲ್ಲಿ ಆಕಾಶ. ಹಜಾರ ಆಗಬೇಕಿದ್ದ ಜಾಗ ಬಯಲು. ಪಕ್ಕದ ಸಾಲಿನ ಕಮಾನುಗಳನ್ನು ಮುಚ್ಚಿ ಮಾಡಿದ್ದೇ ಸಂಗ್ರಹಾಲಯ. ದುಚ್ಚೊನ ಸೀಳಿದ ಮಾಯೆಸ್ತಾ ಇರುವುದು ಈ ಮುಗಿಯದ ದೇವಾಲಯದ ಹೊಟ್ಟೆಯಲ್ಲಿ. ಅಲ್ಲಿಂದಲೇ ಕಿರಿದಾದ ಸುರುಳಿ ಮೆಟ್ಟಿಲು ಹತ್ತಿ ಆ ಗೋಡೆಯ ನೆತ್ತಿಗೆ ಹೋಗಬಹುದು. ಇದಕ್ಕೆ ಮಂಡಿ ಒಪ್ಪಿತು. ಮೇಲೆ ನಿಂತರೆ ಕಾಲ ಕೆಳಗೆ ಆ ಬಯಲು, ಆಚೆ ಕಾಂಪೊ ಚಿಪ್ಪಿನಂತೆ.

ಕುದುರೆ ಓಟದ ಬಗ್ಗೆ ಹೇಳದಿದ್ದರೆ ನೀವು ಕೇಳುತ್ತೀರಿ. ಜುಲೈ 2 ಮತ್ತು ಆಗಸ್ಟ್ 16ರಂದು ಕಾಂಪೊದ ಸುತ್ತ ಮಣ್ಣು ಹಾಸಿ ಪಾಲಿಯೊ ನಡೆಸುತ್ತಾರೆ. ಊರಿನಲ್ಲಿ ಹದಿನೇಳು ಕೇರಿ, ಬಸವನಹುಳು, ಬಾತು, ಆಮೆ ಎಂದು ಹೆಸರುಗಳು, ಒಂದು ಕೇರಿಯ ಲಾಂಛನದಲ್ಲಿ ಬೆನ್ನ ಮೇಲೆ ಗೋಪುರ ಹೊತ್ತ ಆನೆಯೂ ಇದೆ. ಒಮ್ಮೆಗೆ ಹತ್ತು ಕೇರಿಗಳ ಕುದುರೆ, ಜೀನಿಲ್ಲದ ಸವಾರಿ, ಮೂರು ಸುತ್ತು, ಒಂದೂವರೆ ನಿಮಿಷದೊಳಗೆ ಮುಗಿಯಿತು. ಸವಾರ ಬಿದ್ದರೂ ಕುದುರೆ ಮೊದಲು ಬಂದರೆ ಗೆದ್ದಂತೆ. ನಾವು ಹೋದದ್ದು ಬೇರೆ ಕಾಲದಲ್ಲಿ. ಅದಕ್ಕೆ ನನಗೆ ವಿಷಾದವಿಲ್ಲ, ಆ ದಿನಗಳಲ್ಲಿ ಕಾಂಪೊದ ನೆಲ ಕಾಣುವುದಿಲ್ಲ.

ಊಟ. ನಾವಿಬ್ಬರೂ ಸಸ್ಯಾಹಾರಿಗಳು, ಆದ್ದರಿಂದ ಪಟ್ಟಿಯ ಹಂದಿಯ ಬಗ್ಗೆ ನನ್ನಿಂದ ಸಾಕ್ಷ್ಯ ಸಿಗುವುದಿಲ್ಲ. ಮೊದಲ ರಾತ್ರಿ ಮೇಜಿನ ಮೇಲೆ ಬ್ರೆಡ್ ತಂದಿಟ್ಟರು. ಒಂದು ತುತ್ತು ತಿಂದು ಹೆಂಡತಿಯ ಮುಖ ನೋಡಿದೆ, ಅವಳೂ ನನ್ನ ಮುಖ ನೋಡಿದಳು. ಉಪ್ಪು ಹಾಕುವುದನ್ನೇ ಮರೆತಿದ್ದಾರೆ! ಪರಿಚಾರಕನನ್ನು ಕರೆದು ಉಪ್ಪು ಕೇಳಿದೆ. ಅವನು ತಂದಿಟ್ಟು, ಬೇರೆ ಊರಿನವರು ಪಾಪ ಎಂಬ ಮುಖ ಮಾಡಿದ. ತೊಸ್ಕಾನಾ ಸೀಮೆಯ ಬ್ರೆಡ್ಡಿಗೆ ಉಪ್ಪಿಲ್ಲ, ಅದೇ ಅದರ ಸಂಪ್ರದಾಯ. ಏಕೆ ಎಂಬುದಕ್ಕೆ ಊರಿಗೊಂದು ಕಥೆ. ಜೊತೆಗೆ ತಿನ್ನುವ ಚೀಸು, ಉಪ್ಪಿನ ಮಾಂಸ ಇವುಗಳಲ್ಲಿ ಬೇಕಾದಷ್ಟು ಉಪ್ಪಿದೆ, ನಮ್ಮ ರಾಗಿ ಮುದ್ದೆ ಸಾರಿನ ಲೆಕ್ಕ. ಮೂರನೆಯ ದಿನಕ್ಕೆ ಅಭ್ಯಾಸವಾಯಿತು.

ಪೀಚಿ ಎಂಬ ಶ್ಯಾವಿಗೆ ಈ ಸೀಮೆಯ ಸೊತ್ತು. ಹಿಟ್ಟು, ನೀರು, ಚೂರು ಎಣ್ಣೆ. ನಮ್ಮ ಬಿಡಾರದ ಪಕ್ಕದ ಸಣ್ಣ ಹೋಟೆಲಿನಲ್ಲಿ ಅಡುಗೆಯ ಹೆಂಗಸು ಗಾಜಿನ ಆಚೆ ಕುಳಿತು ಅದನ್ನು ಮಾಡುತ್ತಿದ್ದರು. ಹಿಟ್ಟಿನ ಒಂದು ಪಟ್ಟಿ ತೆಗೆದು ಹಲಗೆಯ ಮೇಲಿಟ್ಟು, ಎರಡು ಅಂಗೈಯಿಂದ ಉರುಳಿಸುತ್ತ ಹೊರಗೆ ಎಳೆಯುತ್ತಾರೆ. ನಡುವಿನಿಂದ ತುದಿಗೆ, ಮತ್ತೆ ನಡುವಿನಿಂದ ತುದಿಗೆ. “ರೀ, ಇಲ್ಲಿ ನೋಡಿ, ಬತ್ತಿ ಹೊಸೆಯುತ್ತಿದ್ದಾರೆ” ಎಂದಳು ನನ್ನ ಹೆಂಡತಿ. ಅದೇ ಕೈ, ಅದೇ ಒತ್ತಡ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಎರಡು ಒಂದೇ ತೆರನಾಗಿಲ್ಲ. ಹೆಂಡತಿ ಗಾಜಿನ ಈಚೆಯಿಂದ ಕೈ ಉಜ್ಜಿ ತೋರಿಸಿದಳು, ಆಕೆ ನಕ್ಕು ಕರೆದರು. ಇವಳು ಹೊಸೆದ ಪೀಚಿ ಹೂಬತ್ತಿಯಷ್ಟು ಸಣ್ಣಗೆ ಬಂತು, ಆಕೆ ತಲೆಯಾಡಿಸಿ ಬೆರಳಿನಲ್ಲಿ ಇನ್ನೂ ದಪ್ಪ, ಇನ್ನೂ ದಪ್ಪ ಎಂದು ತೋರಿಸಿದರು. ಟೊಮೆಟೊ ಮತ್ತು ದಪ್ಪ ಎಸಳಿನ ಬೆಳ್ಳುಳ್ಳಿಯ ಗೊಜ್ಜು ಹಾಕಿದ್ದು ಒಂದು, ಹಳೆಯ ಬ್ರೆಡ್ಡಿನ ಪುಡಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಉದುರಿಸಿದ್ದು ಇನ್ನೊಂದು. ಎರಡನೆಯದು ಬಡವರ ಮನೆಯ ಅಡುಗೆ, ಚೀಸು ಇಲ್ಲದ ದಿನದ್ದು. ನನಗೆ ಅದೇ ಮೇಲು. ಕಾಂಪೊದ ಅಂಚಿನ ಹೋಟೆಲುಗಳಲ್ಲಿ ಕುರ್ಚಿಗೂ ಸೇರಿಸಿ ದುಡ್ಡು ಕೊಡಬೇಕಾಗುತ್ತದೆ, ಒಳಗಲ್ಲಿಗಳಲ್ಲಿ ಉಣ್ಣಿ. ಕುಳಿತುಕೊಳ್ಳಲು ಕಾಂಪೊದ ಇಟ್ಟಿಗೆ ಇದ್ದೇ ಇದೆ, ಅದಕ್ಕೆ ಬಾಡಿಗೆಯಿಲ್ಲ.

ಕೊನೆಯದಾಗಿ ಪಾನ್‌ಫೋರ್ತೆ. ಬಾದಾಮಿ, ಜೇನು, ಸಕ್ಕರೆಯಲ್ಲಿ ಹದ ಮಾಡಿದ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆ, ಮಸಾಲೆ, ಎಲ್ಲವನ್ನೂ ಒತ್ತಿ ಬೇಯಿಸಿದ ಗಟ್ಟಿ ಬಿಲ್ಲೆ. 1205ರ ಒಂದು ದಾಖಲೆಯಲ್ಲಿ ಒಕ್ಕಲಿನವರು ಸಂನ್ಯಾಸಿನಿಯರ ಮಠಕ್ಕೆ ಮೆಣಸು, ಜೇನು ಹಾಕಿದ ರೊಟ್ಟಿಗಳನ್ನು ಗೇಣಿಯಾಗಿ ಕೊಡಬೇಕಾಗಿತ್ತು ಎಂದಿದೆಯಂತೆ. ನೋಡಿ, ಸಿಹಿ ತಿಂಡಿಯೂ ಲೆಕ್ಕದ ಪುಸ್ತಕದಿಂದಲೇ ಬಂತು! ಇದನ್ನು ಮಾಡುತ್ತಿದ್ದವರು ಮಿಠಾಯಿಯವರಲ್ಲ, ಮದ್ದು ಮಾರುವ ಗಂಧಿಗೆ ಅಂಗಡಿಯವರು. ಮಸಾಲೆ ಅಷ್ಟು ದುಬಾರಿ. ಮೆಣಸು ಎಲ್ಲಿಂದ ಹೋಗುತ್ತಿತ್ತು? ಮುಖ್ಯವಾಗಿ ನಮ್ಮ ಪಶ್ಚಿಮ ಕರಾವಳಿಯಿಂದ, ಅರಬರ ಹಡಗಿನಲ್ಲಿ ಕೆಂಪು ಸಮುದ್ರ, ಅಲ್ಲಿಂದ ಅಲೆಕ್ಸಾಂಡ್ರಿಯಾ, ಅಲ್ಲಿಂದ ಇಟಲಿಯ ಬಂದರು. 1879ರಲ್ಲಿ ರಾಣಿ ಮಾರ್ಗೆರೀತಾ ಊರಿಗೆ ಬಂದಾಗ ಮೆಣಸಿನ ಖಾರ ತಗ್ಗಿಸಿ, ಮೇಲೆ ಸಕ್ಕರೆ ಪುಡಿ ಉದುರಿಸಿ ಬಿಳಿಯದೊಂದನ್ನು ಮಾಡಿದರು. ಅಂಗಡಿಗಳಲ್ಲಿ ಈಗ ಹೆಚ್ಚು ಕಾಣುವುದು ಅದೇ. ಹುಡುಕಿದರೆ ಕಪ್ಪನೆಯ ಹಳೆಯದೂ ಸಿಗುತ್ತದೆ, ಪಾನ್‌ಪೆಪಾತೊ ಎಂದು ಕೇಳಿ. ಮೊದಲು ಸಿಹಿ, ಆಮೇಲೆ ಬಾದಾಮಿ, ಎಲ್ಲ ನುಂಗಿದ ಮೇಲೆ ಗಂಟಲ ಹಿಂದೆ ನಮ್ಮ ಕಷಾಯದ ಖಾರ.

ಎಷ್ಟು ದಿನ ಬೇಕು ಎಂದು ಮುಂದಿನ ಸಾಲಿನಿಂದ ಕೇಳುತ್ತಿದ್ದೀರಿ. ಬಸ್ಸಿನಲ್ಲಿ ಬಂದು ಸಂಜೆ ಹಿಂತಿರುಗುವವರೇ ಹೆಚ್ಚು. ಮೂರು ರಾತ್ರಿಯಾದರೂ ಉಳಿಯಿರಿ. ಬಸ್ಸುಗಳು ಹೋದ ಮೇಲೆ ಊರು ಊರಿನವರಿಗೆ ಮರಳುತ್ತದೆ. ಒಳಗೆ ಕಾರು ಬಿಡುವುದನ್ನು 1960ರ ದಶಕದಲ್ಲೇ ನಿಲ್ಲಿಸಿದ್ದಾರೆ, ಹಾಗಾಗಿ ರಾತ್ರಿ ಕೇಳುವುದು ಹೆಜ್ಜೆಯ ಸದ್ದು ಮಾತ್ರ. ಸುರಂಗಕ್ಕೆ ಇಳಿಯುವ ಆಸೆಯಿದ್ದರೆ ಇಲ್ಲಿಂದ ಹೊರಡುವ ಮುಂಚೆಯೇ ಸಮಯ ಗೊತ್ತುಮಾಡಿಕೊಳ್ಳಿ, ನನ್ನ ಹಾಗೆ ಮಾಡಬೇಡಿ.

ಕಪ್ಪು ಪಾನ್‌ಪೆಪಾತೊ ಒಂದು ಬಿಲ್ಲೆಯನ್ನು ಮಗಳು ಮೊನ್ನೆ ತರಿಸಿಕೊಟ್ಟಿದ್ದಾಳೆ. ನನ್ನ ಹೆಂಡತಿ ಅದನ್ನು ಅರವತ್ತು ಚೂರು ಮಾಡಿ ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟುಕೊಂಡು ಕುಳಿತಿದ್ದಾಳೆ. ಹೊರಗೆ ಹೋಗುವಾಗ ಒಂದೊಂದು ತೆಗೆದುಕೊಳ್ಳಿ. ಬಹಳ ಗಟ್ಟಿ ಇದೆ, ಹಲ್ಲು ಕಟ್ಟಿಸಿಕೊಂಡವರು ಜಾಗ್ರತೆ.